ಚಿತ್ರನಿರ್ದೇಶಕನ ಹುಟ್ಟೂರು



ಸ್ವತಂತ್ರ ಚಿತ್ರನಿರ್ದೇಶಕನು ತನ್ನ ಕುಟುಂಬದಿಂದಲೂ ಹುಟ್ಟೂರಿನಿಂದಲೂ ಏನನ್ನು ಪಡೆಯುತ್ತಾನೆ, ಪಡೆದುದಕ್ಕೆ ಪ್ರತಿಯಾಗಿ ಏನನ್ನು ಸಲ್ಲಿಸಬೇಕಾಗುತ್ತದೆ ಎಂಬುದು ನಾನು ಇಂದಿನ ದತ್ತಿ ಉಪನ್ಯಾಸಕ್ಕೆ ಆರಿಸಿಕೊಂಡ ವಿಷಯ. ಸ್ವತಂತ್ರ ಎಂಬ ವಿಶೇಷಣವು ಇಲ್ಲಿ ಯಾವ ಹೆಗ್ಗಳಿಕೆಯ ಮಾತೂ ಅಲ್ಲ. ದೊಡ್ಡ ನಿರ್ಮಾಪಕನ ಹಣವಿಲ್ಲದೆ, ಹೆಸರಾಂತ ನಟನ ಕರಾರಿಲ್ಲದೆ, ಚಿತ್ರವು ಮುಗಿದ ಮೇಲೆ ಅದಕ್ಕೊಂದು ಚಿತ್ರಮಂದಿರವು ದೊರೆತೀತೆಂಬ ಭರವಸೆಯೂ ಇಲ್ಲದೆ ಕೆಲಸಕ್ಕೆ ಕೈಹಾಕುವವನು ಎಂದಷ್ಟೇ ಅದರ ಅರ್ಥ. ಅಂಥವನು ಬಹುಮಟ್ಟಿಗೆ ತನ್ನ ಊರಿಗೇ ಹಿಂದಿರುಗುವುದನ್ನು ನಾವು ಕಾಣುತ್ತೇವೆ. ಹಿಂದಿರುಗಿದವನನ್ನು ಪತ್ರಿಕೆಯವರು ಕೇಳಿದಾಗ, ಊರೇ ತನಗೆ ಸ್ಫೂರ್ತಿಯೆಂದು ಅವನು ಉತ್ತರವೀಯುವುದೂ ವಾಡಿಕೆಯೇ ಆಗಿದೆ. ಈ ಉತ್ತರವು ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಸ್ಫೂರ್ತಿಯು ಎಲ್ಲಿಂದಲಾದರೂ ಬರಬಹುದು. ಓದಿದ ಪುಸ್ತಕದಿಂದ ಬಂದೀತು, ನೋಡಿದ ಪರದೇಶದ ಚಿತ್ರದಿಂದ ಬಂದೀತು. ಹುಟ್ಟೂರು ಮಾತ್ರವೇ ಕೊಡಬಲ್ಲ ವಸ್ತುವು ಬೇರೊಂದಿದೆ, ಅದು ಸಲಿಗೆ. ಅನ್ಯರ ಮನೆಯಲ್ಲಿ ತಲೆಬಾಗಿಲಲ್ಲೇ ನಿಲ್ಲಬೇಕಾದ ಕಣ್ಣಿಗೆ ಇಲ್ಲಿ ಅಡಿಗೆಮನೆಯವರೆಗೂ ಪ್ರವೇಶವುಂಟು. ಆ ಪ್ರವೇಶವು ಎಂಥದು, ಅದರ ಋಣವು ಎಷ್ಟು ಭಾರವಾದುದು ಎಂಬುದೇ ಈ ಹೊತ್ತಿನ ವಿಚಾರ.

ಈ ಮಾತನ್ನು ಬೆಳಗಾವಿ ಸೀಮೆಯ ಕೌಜಲಗಿಯಲ್ಲಿ ನಿಂತು ಆಡುವುದಕ್ಕೆ ಒಂದು ಔಚಿತ್ಯವಿದೆಯೆಂದು ನಾನು ಬಗೆದಿದ್ದೇನೆ. ಇಲ್ಲಿಗೆ ಸಮೀಪದ ಕುಲಗೋಡದ ತಮ್ಮಣ್ಣನ ಕೈಯಲ್ಲಿ ಆಟದ ರೂಪವನ್ನು ತಾಳಿದ ಶ್ರೀಕೃಷ್ಣ ಪಾರಿಜಾತವೆಂಬ ಬಯಲಾಟವು ಬೆಳಗಾವಿ, ವಿಜಾಪುರ ಸೀಮೆಗಳಲ್ಲೆಲ್ಲ ಹಬ್ಬಿ, ಕೌಜಲಗಿ ನಿಂಗಮ್ಮನಂಥ ಕಲಾವಿದೆಯಿಂದ ಈ ಊರಿನ ಹೆಸರನ್ನೂ ದೂರದೂರಕ್ಕೆ ಒಯ್ದ ಸಂಗತಿಯು ನಿಮಗೆ ನಾನು ಹೇಳಬೇಕಾದುದಲ್ಲ. ನಾರದನು ತಂದ ಹೂವನ್ನು ಕೃಷ್ಣನು ರುಕ್ಮಿಣಿಗೆ ಕೊಟ್ಟನಂತೆ, ಸತ್ಯಭಾಮೆಯು ಮುನಿದಳಂತೆ, ಕಥೆಯೆಂದರೆ ಇಷ್ಟೇ. ಇಷ್ಟನ್ನೇ ಕೇಳಲು ಜನರು ಇರುಳಿಡೀ ಕುಳಿತಿರುತ್ತಿದ್ದುದಾದರೂ ಏತಕ್ಕೆ? ರಂಗದ ಮೇಲೆ ಬಂದವರು ದ್ವಾರಕೆಯವರೂ ಆಗಿದ್ದರು, ನೆರೆಯ ಓಣಿಯವರೂ ಆಗಿದ್ದರು ಎಂಬುದಕ್ಕೆ. ಭಾಮೆಯ ಕಿರೀಟದ ಕೆಳಗೆ ಇರುವ ಮುಖವು ಯಾರದೆಂಬುದನ್ನು ಸಭೆಯು ಒಂದು ಕ್ಷಣವೂ ಮರೆಯುತ್ತಿರಲಿಲ್ಲ, ಮರೆಯಬೇಕೆಂದು ಆಟದವರು ಬಯಸುತ್ತಲೂ ಇರಲಿಲ್ಲ. ದೂತಿಯು ಕೃಷ್ಣನನ್ನು ಪರಿಹಾಸ್ಯ ಮಾಡುವಾಗ, ಭಾಗವತನು ಪಾತ್ರಗಳನ್ನು ಮಾತಿಗೆಳೆದು ಊರಿನ ಸುದ್ದಿಯನ್ನೂ ನಡುವೆ ತೂರಿಸುವಾಗ, ದೇವರೊಡನೆಯೂ ಸಲಿಗೆಯಿಂದ ನಡೆದುಕೊಳ್ಳಬಹುದೆಂಬ ಒಂದು ಅಪೂರ್ವವಾದ ಅನುಮತಿಯು ಎಲ್ಲರಿಗೂ ದೊರೆಯುತ್ತಿತ್ತು. ವೃತ್ತಿನಟರಲ್ಲದ ಊರವರನ್ನು, ಮನೆಯವರನ್ನು ಚಿತ್ರಕ್ಕೆ ತಂದು ನಿಲ್ಲಿಸುವ ಪದ್ಧತಿಯು ಯುದ್ಧಾನಂತರದ ಇಟಲಿಯಿಂದ ನಮಗೆ ಬಂತೆಂದು ಚಲನಚಿತ್ರದ ಪಂಡಿತರು ಹೇಳುತ್ತಾರೆ. ಚಿತ್ರದ ಮಟ್ಟಿಗೆ ಅದು ನಿಜವೇ ಇರಲಿ, ಪಾರಿಜಾತದ ಕಟ್ಟೆಯ ಮುಂದೆ ಕುಳಿತವರಿಗೆ ಅದರಲ್ಲಿ ಹೊಸತೇನೂ ಕಾಣದು.

ಈ ಸೀಮೆಯಲ್ಲಿ ಹುಟ್ಟಿ, ಬಯಲಾಟದ ಈ ಸಲಿಗೆಯನ್ನು ಕಾವ್ಯಕ್ಕೂ ನಾಟಕಕ್ಕೂ ಕಡೆಗೆ ಚಲನಚಿತ್ರಕ್ಕೂ ಒಯ್ದವರು ಚಂದ್ರಶೇಖರ ಕಂಬಾರರು. 1937ರ ಜನವರಿ 2ರಂದು ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಜನಿಸಿ, ಗೋಕಾಕದಲ್ಲಿ ಅಕ್ಷರಾಭ್ಯಾಸ ಮಾಡಿ, ಬಡತನದಿಂದ ಓದು ನಿಂತೇಹೋಗುವಂತಾದಾಗ ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳ ಆಶ್ರಯದಿಂದ ಮುಂದುವರಿದು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಡಾಕ್ಟರೇಟನ್ನು ಪಡೆದ ಅವರು ತಮ್ಮ ಸಂಶೋಧನೆಗೆ ಆರಿಸಿಕೊಂಡದ್ದು ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು. ಬಾಲ್ಯದಲ್ಲಿ ಕಂಡ ಆಟವನ್ನು ಪ್ರಾಯದಲ್ಲಿ ಶಾಸ್ತ್ರವಾಗಿ ಅಭ್ಯಸಿಸಿದವರು ಬಹುಮಂದಿ ಇರಬಹುದು; ಅಭ್ಯಾಸವು ಮುಗಿದ ಮೇಲೂ ಆಟವನ್ನು ಬಿಡದವರು ವಿರಳ. ಘೋಡಗೇರಿಯ ಸುತ್ತಣ ನೆಲವು ಅವರ ಬರಹದಲ್ಲಿ ಶಿವಾಪುರವೆಂಬ ಊರಾಗಿ, ‘ಹೇಳತೇನ ಕೇಳ’ ಎಂಬ ದೀರ್ಘಕಾವ್ಯದಿಂದ ಮೊದಲ್ಗೊಂಡು ‘ಕರಿಮಾಯಿ’ಯವರೆಗೂ ಅದರಾಚೆಗೂ ಬೆಳೆಯುತ್ತ ಹೋಯಿತು. ಭಾದ್ರಪದದಲ್ಲಿ ಬುಟ್ಟಿಯೇರಿ ಮನೆಮನೆಗೆ ಬರುವ ಜೋಕುಮಾರನನ್ನು ಅವರು 1972ರ ತಮ್ಮ ನಾಟಕದಲ್ಲಿ ಗೌಡನ ವಾಡೆಯೊಳಕ್ಕೇ ನುಗ್ಗಿಸಿದರು. ನಮ್ಮ ಭಾಗದ ದೇಸಗತಿಯ ಮನೆತನಗಳ ಅವನತಿಯನ್ನು ‘ಸಿಂಗಾರೆವ್ವ ಮತ್ತು ಅರಮನೆ’ಯಲ್ಲಿ ಕಂಡರು, ಆ ಕಾದಂಬರಿಯನ್ನು ಮುಂದೆ ನಿರ್ದೇಶಕ ನಾಗಾಭರಣರು ಚಿತ್ರವಾಗಿಸಿ, ಆ ವರುಷದ ಅತ್ಯುತ್ತಮ ಕನ್ನಡ ಚಿತ್ರಕ್ಕೆ ಸಲ್ಲುವ ರಾಷ್ಟ್ರಪ್ರಶಸ್ತಿಯನ್ನು ಪಡೆದರು.

ಕಂಬಾರರು ಸ್ವತಃ ನಿರ್ದೇಶಿಸಿದ ಚಿತ್ರಗಳಲ್ಲಿ ‘ಕಾಡುಕುದುರೆ’ಯೂ ‘ಸಂಗೀತಾ’ವೂ ಪ್ರಸಿದ್ಧವಾದವು. ‘ಕಾಡುಕುದುರೆ’ಯ ವಿಷಯದಲ್ಲಿ ಒಂದು ವಿಚಿತ್ರವನ್ನು ತಾವೆಲ್ಲರೂ ಗಮನಿಸಿರಬಹುದು. ಆ ಚಿತ್ರವನ್ನು ನೋಡಿದವರು ಇಂದು ಸಭೆಯೊಂದರಲ್ಲಿ ಇಬ್ಬರೋ ಮೂವರೋ ಸಿಕ್ಕಾರು. ಅದರ ಶೀರ್ಷಿಕೆಯ ಹಾಡನ್ನು ಅರಿಯದವರು ಮಾತ್ರ ಒಬ್ಬರೂ ಸಿಗಲಾರರು. ಕಂಬಾರರು ಬರೆದ ಆ ಹಾಡನ್ನು ಹಾಡಿದ್ದಕ್ಕಾಗಿ ಶಿವಮೊಗ್ಗ ಸುಬ್ಬಣ್ಣನವರಿಗೆ ಶ್ರೇಷ್ಠ ಹಿನ್ನೆಲೆ ಗಾಯಕರೆಂಬ ರಾಷ್ಟ್ರಪ್ರಶಸ್ತಿಯು ದೊರೆಯಿತು, ಕನ್ನಡಿಗರಿಗೆ ಆ ಗೌರವವು ಸಂದದ್ದು ಅದೇ ಮೊದಲು. ದೃಶ್ಯವು ಮರೆಯಾಗಿ ಧ್ವನಿಯೊಂದೇ ಉಳಿದ ಈ ಪರಿಣಾಮವು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಕಂಬಾರರ ಊರು ಮೂಲತಃ ಕಿವಿಯ ಊರು. ಲಾವಣಿ, ಗೀಗೀಪದ, ಮೇಳದ ಹಿಮ್ಮೇಳ ಇವುಗಳಿಂದ ಕಟ್ಟಿದ್ದು. ಶಿವಾಪುರವಾಗುವ ಹೊತ್ತಿಗೆ ಅದು ತನ್ನ ನಿಜವಾದ ಅಳತೆಯನ್ನು ಮೀರಿ ಪುರಾಣದ ಗಾತ್ರಕ್ಕೆ ಬೆಳೆದುಬಿಟ್ಟಿತ್ತು. ರಂಗಸ್ಥಳದಲ್ಲಿ ಈ ಹಿಗ್ಗುವಿಕೆಗೆ ಅಡ್ಡಿಯೇ ಇಲ್ಲ, ಅಲ್ಲಿ ನಾಲ್ಕು ಬೇವಿನ ಟೊಂಗೆಗಳೇ ಅರಣ್ಯ. ಛಾಯಾಗ್ರಹಣದ ಯಂತ್ರವು ಹಾಗಲ್ಲ, ಅದು ಹಟಮಾರಿ. ಬೇವಿನ ಟೊಂಗೆಯನ್ನು ಅದು ಬೇವಿನ ಟೊಂಗೆಯನ್ನಾಗಿಯೇ ತೋರಿಸುತ್ತದೆ. ಪುರಾಣಕ್ಕೆ ಏರಿದ ಊರನ್ನು ಮತ್ತೆ ಮಣ್ಣಿಗೆ ಇಳಿಸಿ, ಇಂಥ ಪಡಸಾಲೆ, ಇಂಥ ಮುಖ, ಇಂಥ ಹೊತ್ತಿನ ಬಿಸಿಲು ಎಂದು ಅದಕ್ಕೆ ಒಪ್ಪಿಸಬೇಕಾಗುತ್ತದೆ. ಮಹಾಕವಿಗೂ ಇದು ಸುಲಭವಲ್ಲ. ಬಹುಶಃ ಮಹಾಕವಿಗೇ ಇದು ಹೆಚ್ಚು ಕಷ್ಟ.

ಇದಕ್ಕೆ ಪ್ರತಿಯಾದ ಮಾರ್ಗವೊಂದನ್ನು ಹಿಡಿದವರು, ಕಂಬಾರರಿಗಿಂತ ಎರಡು ತಲೆಮಾರು ಚಿಕ್ಕವರಾದ, ಉತ್ತರ ಕನ್ನಡ ಜಿಲ್ಲೆಯ ನಟೇಶ ಹೆಗಡೆಯವರು. ಅವರ ಪ್ರಥಮ ಕಥಾಚಿತ್ರ ‘ಪೆಡ್ರೊ’ 2021ರಲ್ಲಿ ದಕ್ಷಿಣ ಕೊರಿಯದ ಬೂಸಾನ್ ಚಿತ್ರೋತ್ಸವದಲ್ಲಿ ಮೊದಲು ತೋರಿಬಂದು, ಅದೇ ವರುಷ ಚೀನದ ಪಿಂಗ್ಯಾವೊ ಉತ್ಸವದಲ್ಲಿ ಅವರಿಗೆ ಶ್ರೇಷ್ಠ ನಿರ್ದೇಶಕನೆಂಬ ಪುರಸ್ಕಾರವನ್ನು ತಂದಿತು. ಮಲೆನಾಡಿನ ಒಂದು ಹಳ್ಳಿ, ಮಳೆ, ವಿದ್ಯುತ್ತಿನ ತಂತಿಯ ಕೆಲಸ ಮಾಡಿಕೊಂಡಿರುವ ಪೆಡ್ರೊ ಎಂಬ ನಡುವಯಸ್ಸಿನ ಕ್ರೈಸ್ತ, ಅವನಿಗೆ ತೋಟ ಕಾಯುವ ಕೆಲಸವು ಸಿಕ್ಕು, ಅವನ ಕೈಯಿಂದ ಅಕಸ್ಮಾತ್ತಾಗಿ ಒಂದು ಹಸು ಸಾಯುತ್ತದೆ. ಅಲ್ಲಿಂದ ಮುಂದೆ ಊರು ತನ್ನ ಮುಖವನ್ನು ಅವನಿಂದ ತಿರುಗಿಸುತ್ತದೆ. ಪೆಡ್ರೊನ ಪಾತ್ರವನ್ನು ವಹಿಸಿದವರು ನಿರ್ದೇಶಕರ ತಂದೆಯವರಾದ ಗೋಪಾಲ ಹೆಗಡೆಯವರು. ಅವರ ನಿಜಜೀವನದ ಕಸುಬೂ ವಿದ್ಯುತ್ತಿನ ಕೆಲಸವೇ.

ಮಗನು ತಂದೆಯನ್ನು ಚಿತ್ರಿಸಿದನೆಂದರೆ ನಮ್ಮ ಮನಸ್ಸು ಥಟ್ಟನೆ ಭಕ್ತಿಯ ಕಡೆಗೆ ಹರಿಯುತ್ತದೆ. ತಂದೆಯ ತ್ಯಾಗ, ತಂದೆಯ ಬೆವರು, ಕೊನೆಯಲ್ಲಿ ಮಗನ ಕಣ್ಣೀರು. ‘ಪೆಡ್ರೊ’ದಲ್ಲಿ ಇದಾವುದೂ ಇಲ್ಲ. ತಂದೆಯ ದೇಹವನ್ನು, ಅವರ ಕಸುಬನ್ನು, ಕಸುಬಿನಿಂದ ಕೈಗೆ ಬಂದ ರೂಢಿಯನ್ನು ಮಗನು ಎರವಲು ಪಡೆದಿದ್ದಾನೆ. ಆದರೆ ಊರೊಳಗಿನವರೇ ಆದ ಆ ತಂದೆಗೆ, ಊರು ಎಂದೂ ತನ್ನವನೆಂದು ಒಪ್ಪದ ಹೊರಗಿನವನ ಹೆಸರನ್ನೂ ಧರ್ಮವನ್ನೂ ತೊಡಿಸಿದ್ದಾನೆ. ತನಗೆ ಅತ್ಯಂತ ಆಪ್ತವಾದ ಮುಖವೊಂದು ಪರಕೀಯವಾಗಿ ನಿಂತಾಗ ತನ್ನ ಊರು ಹೇಗೆ ಕಾಣುತ್ತದೆಂಬುದನ್ನು ಪರೀಕ್ಷಿಸುವುದೇ ಇದರ ಉದ್ದೇಶವೆಂದು ನನ್ನ ತಿಳಿವಳಿಕೆ. ಇಂಥ ಪರೀಕ್ಷೆಯನ್ನು ಬಾಡಿಗೆಯ ನಟನ ಮೇಲೆ ನಡೆಸಬಹುದು, ಆದರೆ ಅದರಿಂದ ನಿರ್ದೇಶಕನಿಗೆ ಯಾವ ನೋವೂ ಆಗದು. ನೋವಾಗದ ಕಡೆ ಊರಿನ ಕ್ರೌರ್ಯವನ್ನು ಅತಿಶಯಿಸಿ ಹೇಳುವುದೂ ಬಲು ಸುಲಭ. ಪೆಟ್ಟು ತಿನ್ನುವವನು ತನ್ನಪ್ಪ, ಪೆಟ್ಟು ಕೊಡುವವರು ನಾಳೆಯೂ ತನ್ನಪ್ಪನಿಗೆ ದಾರಿಯಲ್ಲಿ ಎದುರಾಗಬೇಕಾದವರು ಎಂದಾದಾಗ ಕೈಯು ತಾನಾಗಿಯೇ ಹಿಡಿತಕ್ಕೆ ಬರುತ್ತದೆ. ಆ ಚಿತ್ರದಲ್ಲಿ ಖಳನೆಂದು ಬೊಟ್ಟುಮಾಡಿ ತೋರಬಹುದಾದ ವ್ಯಕ್ತಿಯು ಸುಲಭವಾಗಿ ಸಿಕ್ಕದಿರುವುದಕ್ಕೂ, ಊರಿಗೆ ಊರೇ ಸಾವಧಾನವಾಗಿ, ಮಾತೇ ಇಲ್ಲದೆ ನಿರ್ದಯವಾಗುವುದಕ್ಕೂ ಈ ಹಿಡಿತವೇ ಕಾರಣ. ಸಲಿಗೆಯ ಮಾತು ಮುದ್ದಿಸುವುದಕ್ಕಷ್ಟೇ ಅಲ್ಲ, ಮುಖಕ್ಕೆ ಹೇಳಬೇಕಾದುದನ್ನು ಹೇಳುವುದಕ್ಕೂ ಒದಗುತ್ತದೆ.

ಈಚಿನ ‘ವಾಘಾಚಿಪಾಣಿ’ಯಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದಿಟ್ಟಿದ್ದಾರೆ. 2025ರ ಬರ್ಲಿನ್ ಉತ್ಸವದ ಫೋರಂ ವಿಭಾಗದಲ್ಲಿ ಪ್ರದರ್ಶಿತವಾದ, 16 ಮಿಲಿಮೀಟರಿನ ಫಿಲ್ಮಿನಲ್ಲಿ ತೆಗೆದ ಈ ಚಿತ್ರಕ್ಕೆ ಆಧಾರವು ಅಮರೇಶ ನುಗಡೋಣಿಯವರ ಕಥಾಲೋಕ. ನುಗಡೋಣಿಯವರದು ರಾಯಚೂರಿನ ಬಿಸಿಲ ಸೀಮೆ. ಎರೆಹೊಲದ ಜಗಳವನ್ನು ಕೊಂಡೊಯ್ದು ಮಳೆಯ ಕಾಡಿನಲ್ಲಿ ನೆಟ್ಟರೂ ಅದು ಬೇರು ಬಿಡುತ್ತದೆಯೆಂದರೆ, ನಮ್ಮ ಜಾತಿ, ಜಮೀನು, ಚುನಾವಣೆಗಳ ವ್ಯವಹಾರವು ಎಲ್ಲೆಡೆಯೂ ಒಂದೇ ಬಗೆಯದೆಂದು ಸಿದ್ಧವಾಗುತ್ತದೆ. ಅದರ ಬಗ್ಗೆ ಹೆಮ್ಮೆಪಡುವಂಥದೇನೂ ಇಲ್ಲ. ಗೋಪಾಲ ಹೆಗಡೆಯವರು ಇಲ್ಲಿಯೂ ಇದ್ದಾರೆ. ಊರು ತನ್ನದೇ ಇರಲಿ, ಕಥೆಯು ಪರರದಾದರೂ ಆದೀತು ಎಂಬ ಈ ಧೋರಣೆಯು ಬಹಳ ಆರೋಗ್ಯಕರವಾದುದು. ತನ್ನ ಬಾಲ್ಯವೆಂಬ ಒಂದೇ ಬಾವಿಯಿಂದ ಹತ್ತು ಚಿತ್ರಗಳಿಗೆ ನೀರು ಸೇದಹೊರಟವರ ಹಗ್ಗವು ಮೂರನೆಯ ಚಿತ್ರದ ಹೊತ್ತಿಗೆ ಕೆಸರನ್ನು ಮುಟ್ಟಿದ ನಿದರ್ಶನಗಳು ಲೋಕದ ಎಲ್ಲ ಭಾಷೆಗಳಲ್ಲಿಯೂ ಇವೆ.

ಪರದೇಶದ ಮಾತು ಬಂದುದರಿಂದ ಒಂದು ಚಿತ್ರವನ್ನು ಇಲ್ಲಿ ಹೆಸರಿಸದೆ ಇರಲಾರೆ. ತುರ್ಕಿಯ ನೂರಿ ಬಿಲ್ಗೆ ಜೇಲಾನ್ ಎಂಬ ನಿರ್ದೇಶಕರು 1997ರಲ್ಲಿ ‘ಕಸಬಾ’ ಎಂಬ ತಮ್ಮ ಮೊದಲ ಕಥಾಚಿತ್ರವನ್ನು ಕಪ್ಪು ಬಿಳುಪಿನಲ್ಲಿ, ತಮ್ಮ ತಂದೆತಾಯಿಗಳನ್ನೇ ಪಾತ್ರಧಾರಿಗಳನ್ನಾಗಿ ಮಾಡಿಕೊಂಡು ತೆಗೆದರು. ಎರಡು ವರುಷಗಳ ಅನಂತರ ತೆಗೆದ ‘ಮೇ ತಿಂಗಳ ಮೋಡಗಳು’ ಎಂಬ ಚಿತ್ರದ ಕಥೆಯೋ, ನಗರದಿಂದ ಬಂದ ಮಗನೊಬ್ಬನು ತಂದೆತಾಯಿಗಳನ್ನು ಹಾಕಿಕೊಂಡು ಚಿತ್ರ ತೆಗೆಯಲು ಹೆಣಗಾಡುವುದೇ ಆಗಿದೆ. ಅಲ್ಲಿಯೂ ನಟಿಸಿದವರು ಅದೇ ತಂದೆ, ಅದೇ ತಾಯಿ. ಮಗನಿಗೆ ತನ್ನ ಚಿತ್ರದ ಚಿಂತೆ. ತಂದೆಗೆ ತಾನು ಬೆಳೆಸಿದ ಮರಗಳನ್ನು ಸರಕಾರವು ವಶಪಡಿಸಿಕೊಳ್ಳುವುದೆಂಬ ಚಿಂತೆ. ಮಗನ ಕಲೆಯು ತಂದೆಗೆ ಒಂದು ಉಪದ್ರವ. ತಂದೆಯ ಮರಗಳು ಮಗನಿಗೆ ಒಂದು ಹಿನ್ನೆಲೆ. ಸರ್ವೆ ನಂಬರಿನ ತಕರಾರಿಗಾಗಿ ಕಚೇರಿಯ ಮೆಟ್ಟಲು ಸವೆಸಿದ ನಮ್ಮ ಸೀಮೆಯ ಯಾವ ರೈತನಿಗೂ ಆ ಮುದುಕನ ಮುಖವು ಅಪರಿಚಿತವಾಗಲಾರದು. ಊರಿಗೆ ಹಿಂದಿರುಗಿದ ಕಲಾವಿದನ ಸ್ವಾರ್ಥವನ್ನು ಇಷ್ಟು ನಿಷ್ಠುರವಾಗಿ, ಆದರೂ ಇಷ್ಟು ನಗುತ್ತ ಹೇಳಿದ ಇನ್ನೊಂದು ಕೃತಿಯನ್ನು ನಾನು ಬೇಗನೆ ನೆನೆಯಲಾರೆ. ನಮ್ಮ ದೇಶದಲ್ಲಿಯೇ, ಅಸ್ಸಾಮಿನ ರೀಮಾ ದಾಸರು ತಮ್ಮ ಹಳ್ಳಿಗೆ ಮರಳಿ, ಚಿಕ್ಕ ತಂಗಿಯಾಗಬೇಕಾದ ಬಾಲೆಯೊಬ್ಬಳನ್ನು ಮುಖ್ಯ ಪಾತ್ರದಲ್ಲಿರಿಸಿ, ಕ್ಯಾಮೆರಾವನ್ನೂ ತಾವೇ ಹಿಡಿದು ತೆಗೆದ ‘ವಿಲೇಜ್ ರಾಕ್‌ಸ್ಟಾರ್ಸ್’ 2017ನೆಯ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಗೆ ಪಾತ್ರವಾದುದನ್ನು ತಾವು ಬಲ್ಲಿರಿ.

ಸಲಿಗೆಯ ಆರ್ಥಿಕ ಮುಖವನ್ನು ಸುಸಂಸ್ಕೃತರಾದ ನಾವು ಎತ್ತಿ ಆಡುವುದಿಲ್ಲ. ಆದರೆ ಅದನ್ನು ಬಿಟ್ಟರೆ ವಿಷಯವೇ ಪೊಳ್ಳಾಗುತ್ತದೆ. ಮನೆಯು ಬಾಡಿಗೆಯಿಲ್ಲದೆ ದೊರೆಯುತ್ತದೆ, ಅಡಿಗೆಯನ್ನು ತಾಯಿಯೋ ಅತ್ತಿಗೆಯೋ ಮಾಡುತ್ತಾರೆ, ಎತ್ತು ಸೋದರಮಾವನದು, ಟ್ರ್ಯಾಕ್ಟರು ಗೆಳೆಯನದು. ಮಳೆ ಬಾರದಿದ್ದರೆ ನಾಳೆಯವರೆಗೆ ಕಾಯಬಹುದು, ಯಾರ ದಿನಗೂಲಿಯೂ ಏರುವುದಿಲ್ಲ. ಕಾಯಬಲ್ಲ ಶಕ್ತಿಯೇ ಸ್ವತಂತ್ರ ನಿರ್ದೇಶಕನ ಪರಮ ಐಶ್ವರ್ಯ. ಕೋಟಿಗಳ ಒಡೆಯನಾದ ನಿರ್ಮಾಪಕನು ಸೂರ್ಯಾಸ್ತವನ್ನು ಕಾಯಲಾರ, ಗಣಕಯಂತ್ರದಲ್ಲಿ ಒಂದನ್ನು ಮಾಡಿಸಿಕೊಳ್ಳುತ್ತಾನೆ. ಹುಟ್ಟೂರಿಗೆ ಬಂದವನು ಕಾಯುತ್ತಾನೆ, ಏಕೆಂದರೆ ಅವನ ರಾತ್ರಿಯೂಟವು ಹೇಗೂ ಅಲ್ಲಿಯೇ. ಈ ಎಲ್ಲವೂ ಲೆಕ್ಕಕ್ಕೆ ಸೇರದ ಬಂಡವಾಳ. ಲೆಕ್ಕಕ್ಕೆ ಸೇರದುದರಿಂದಲೇ ಮುಂದೆ ಹಿಂದಿರುಗಿಸುವ ಪ್ರಶ್ನೆಯನ್ನು ಮರೆಯುವುದೂ ಸುಲಭ. ಪ್ರಶಸ್ತಿಯ ಸಮಾರಂಭದಲ್ಲಿ ಊರಿನ ಹೆಸರು ಕೇಳಿಬರುತ್ತದೆ, ಎತ್ತು ಕೊಟ್ಟ ಮಾವನ ಹೆಸರು ಬಹುಧಾ ಬರುವುದಿಲ್ಲ.

ಊರವರ ಪಾಲಿಗೆ ಆಮೇಲೆ ಏನಾಗುತ್ತದೆಂಬುದಕ್ಕೆ ‘ತಿಥಿ’ ಚಿತ್ರವು ಒಳ್ಳೆಯ ನಿದರ್ಶನ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಅಲ್ಲಿಯವರೇ ಆದ ಈರೇಗೌಡರ ಬರವಣಿಗೆಯ ನೆರವಿನಿಂದ, ಹೊರಗಿನವರಾದ ರಾಮ್ ರೆಡ್ಡಿಯವರು ನಿರ್ದೇಶಿಸಿದ ಈ ಚಿತ್ರವು 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಎರಡು ಗೌರವಗಳನ್ನು ಪಡೆಯಿತು. ಪಾತ್ರಧಾರಿಗಳೆಲ್ಲರೂ ಆ ಸೀಮೆಯ ಜನಸಾಮಾನ್ಯರು. ಊರನ್ನು ಬಲ್ಲವನೊಬ್ಬ, ಊರಿಗೆ ಬೆರಗಾಗಬಲ್ಲವನೊಬ್ಬ, ಹೀಗೆ ಇಬ್ಬರು ಕೂಡಿದಾಗ ಸಲಿಗೆಗೂ ದೂರಕ್ಕೂ ಹೊಂದಾಣಿಕೆಯಾಗಬಲ್ಲುದೆಂಬುದಕ್ಕೆ ಅದು ಸಾಕ್ಷಿಯಾಗಿ ನಿಂತಿತು. ಬಳಿಕ ಆದದ್ದೇನು? ಗಡ್ಡಪ್ಪನಾಗಿ ಬಂದ ಚನ್ನೇಗೌಡರಿಗೆ ಪಾತ್ರದ ಹೆಸರೇ ಅಂಟಿಕೊಂಡಿತು. ‘ತಿಥಿ’ಯ ಮಿತವ್ಯಯದ ಹಾಸ್ಯವನ್ನು ಕಂಡ ಪೇಟೆಯ ಚಿತ್ರದವರು ಗಡ್ಡಪ್ಪನನ್ನೂ ಅದೇ ಚಿತ್ರದ ಸೆಂಚುರಿ ಗೌಡನನ್ನೂ ಕರೆದೊಯ್ದು, ಕೀಳು ವಿನೋದಗಳಲ್ಲಿ ಅವೇ ಭಂಗಿಗಳನ್ನು ಮರಳಿ ಮರಳಿ ಮಾಡಿಸಿದರು. ಇದಕ್ಕೆ ಮೂಲ ಚಿತ್ರದವರನ್ನು ಹೊಣೆ ಮಾಡುವುದು ನ್ಯಾಯವಲ್ಲ. ಮುದುಕರಿಗೂ ನಾಲ್ಕು ಕಾಸು ದೊರೆತಿದ್ದರೆ ಅದನ್ನು ಆಕ್ಷೇಪಿಸಲು ನಾವು ಯಾರು? ಆದರೂ ಒಂದು ಮುಖವನ್ನು ಊರಿನಿಂದ ಹೊರತಂದು ಲೋಕಕ್ಕೆ ತೋರಿಸಿದ ಮೇಲೆ ಅದು ಮತ್ತೆ ಊರಿನದಷ್ಟೇ ಆಗಿ ಉಳಿಯಲಾರದೆಂಬುದನ್ನು ನಿರ್ದೇಶಕನು ಮೊದಲೇ ಅರಿತಿರಬೇಕು, ಆ ಮುಖದವರಿಗೂ ತಿಳಿಯಹೇಳಿರಬೇಕು.

ನಮ್ಮ ಉತ್ತರ ಕರ್ನಾಟಕದ ಬಯಲುಸೀಮೆಯೂ ಈಚೆಗೆ ಪರದೆಯ ಮೇಲೆ ತನ್ನ ಸ್ವಂತ ಮಾತಿನಲ್ಲಿ ಮಾತನಾಡತೊಡಗಿದೆ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ, ಆ ಊರಿನ ಜನರನ್ನೇ ಪಾತ್ರಗಳಾಗಿಸಿ ಜೈಶಂಕರ್ ಆರ್ಯರ್ ಅವರು ತೆಗೆದ ‘ಶಿವಮ್ಮ’ 2022ರಲ್ಲಿ ಬೂಸಾನಿನ ನ್ಯೂ ಕರೆಂಟ್ಸ್ ಪ್ರಶಸ್ತಿಯನ್ನು ಪಡೆಯಿತು. ಶಕ್ತಿಪೇಯವನ್ನು ಮಾರುವ ಸರಪಳಿ ವ್ಯಾಪಾರಕ್ಕೆ ಹಣ ಹಾಕಿದ ಬಡ ಹೆಂಗಸಿನ ಪಾಡು ಅದು. ಶರಣಮ್ಮ ಚೆಟ್ಟಿಯವರ ಅಭಿನಯದಲ್ಲಿ ಆ ಹೆಂಗಸಿನ ಆಸೆಯೂ ಹಟವೂ ಎಷ್ಟು ಸಹಜವಾಗಿವೆಯೆಂದರೆ, ಅವಳನ್ನು ಕನಿಕರಿಸುವುದಕ್ಕೆ ಪ್ರೇಕ್ಷಕನಿಗೆ ಅವಕಾಶವೇ ಸಿಕ್ಕುವುದಿಲ್ಲ. ರಾಯಚೂರು ಸೀಮೆಯ ಉತ್ಸವ್ ಗೋನವಾರರು ‘ಫೋಟೋ’ದಲ್ಲಿ ಲಾಕ್‌ಡೌನಿನ ಕಾಲದಲ್ಲಿ ಊರಿಗೆ ನಡೆದುಕೊಂಡು ಹೊರಟ ತಂದೆಮಗನ ಕಥೆಯನ್ನು ಹೇಳಿದರು, ವಿಧಾನಸೌಧದ ಮುಂದೆ ನಿಂತು ಭಾವಚಿತ್ರ ತೆಗೆಸಿಕೊಳ್ಳಬೇಕೆಂಬುದೇ ಹುಡುಗನ ಬಯಕೆ. ಎರಡೂ ಚಿತ್ರಗಳಲ್ಲಿ ನಮ್ಮ ಕಡೆಯ ಮಾತು ನಗೆಯನ್ನು ಎಬ್ಬಿಸುವುದಕ್ಕಾಗಿ ಬಂದಿಲ್ಲ. ಕನ್ನಡ ಚಿತ್ರಗಳಲ್ಲಿ ದಶಕಗಳ ಕಾಲ ‘ಹುಬ್ಬಳ್ಳಿ ಭಾಷೆ’ ಎಂದರೆ ಹಾಸ್ಯನಟನ ಸೊತ್ತಾಗಿದ್ದುದನ್ನು ನೆನೆದರೆ ಇದು ಸಾಮಾನ್ಯವಾದ ಬದಲಾವಣೆಯಲ್ಲ.

ಹೀಗಿರಲು ಗೋಕಾಕ, ಮೂಡಲಗಿ, ಹುಕ್ಕೇರಿಗಳ ಪಾಳಿಯು ಯಾವಾಗ? ಇಲ್ಲಿ ಸಾಮಗ್ರಿಗೆ ಕೊರತೆಯೆಂದು ಯಾರೂ ಹೇಳಲಾರರು. ಮಲಾಮರಡಿಯ ಬಸವರಾಜ ಕಟ್ಟೀಮನಿಯವರೂ ಬೆಟಗೇರಿಯ ಕೃಷ್ಣಶರ್ಮರೂ ಕಾದಂಬರಿಗೂ ಕಾವ್ಯಕ್ಕೂ ಈ ನೆಲವನ್ನು ತೆರೆದುಕೊಟ್ಟು ಬಹುಕಾಲವಾಯಿತು. ಗೋಕಾಕ ಜಲಪಾತದ ಪಕ್ಕದ ಗಿರಣಿಯಲ್ಲಿ ನೂಲು ತೆಗೆದ ತಲೆಮಾರುಗಳ ಮನೆಗಳಿವೆ. ಕಬ್ಬಿನ ಹಂಗಾಮಿನಲ್ಲಿ ಗಾಡಿಗಳ ಸಾಲಿನೊಡನೆ ಬಂದು ಗುಡಿಸಲು ಹೂಡುವ ಕುಟುಂಬಗಳಿವೆ. 2019ರ ಆಗಸ್ಟಿನಲ್ಲಿ ಘಟಪ್ರಭೆಯು ಮನೆಯೊಳಗೆ ನುಗ್ಗಿದಾಗ ದನಗಳ ಹಗ್ಗ ಬಿಚ್ಚಿ ಓಡಿದ ಇರುಳನ್ನು ಇನ್ನೂ ಹೇಳಬಲ್ಲ ಹೆಂಗಸರಿದ್ದಾರೆ. ಇಂಥ ಒಂದು ಮನೆಯ ಮಗನೋ ಮಗಳೋ ಕ್ಯಾಮೆರಾವನ್ನು ಹಿಡಿದು ಬಂದರೆ ಮೊದಲು ಎದುರಾಗುವ ಕಷ್ಟವು ಹಣದ್ದಲ್ಲ. “ನಮ್ಮನ್ಯಾಗಿಂದು ಹೊರಗ ಯಾಕ ಹಾಕ್ತೀಯೋ ತಮ್ಮಾ” ಎಂಬ ಮಾತಿನದು. ಈ ಮಾತನ್ನು ಹಳ್ಳಿಗರ ಅಜ್ಞಾನವೆಂದು ತಳ್ಳಿಹಾಕುವ ನಿರ್ದೇಶಕನಿಗೆ ಮನೆಯವರು ಬಾಗಿಲನ್ನು ಹಾಕಿಕೊಂಡರೆ ಅದು ಸರಿಯೇ. ಮನೆಯ ಗುಟ್ಟೆಂಬುದು ಅವನೊಬ್ಬನ ಆಸ್ತಿಯಲ್ಲ, ಅದರಲ್ಲಿ ಎಲ್ಲರಿಗೂ ಪಾಲಿದೆ. ಅವಿಭಕ್ತ ಕುಟುಂಬದ ಹೊಲವನ್ನು ಒಬ್ಬನೇ ಸಹಿ ಹಾಕಿ ಮಾರಲು ಬಾರದು. ನಟೇಶರ ಉಪಾಯವು ಇಲ್ಲಿ ನೆರವಿಗೆ ಬರುತ್ತದೆ. ಮುಖವು ಅಪ್ಪನದಿರಲಿ, ಹೆಸರು ಪೆಡ್ರೊನದಿರಲಿ. ಕಂಬಾರರ ಉಪಾಯವೂ ಮೂಲದಲ್ಲಿ ಅದೇ ಅಲ್ಲವೇ? ನೆಲವು ಘೋಡಗೇರಿಯದು, ಹೆಸರು ಶಿವಾಪುರದ್ದು. ಕಿವಿಯಿಂದ ಊರನ್ನು ಹಿಡಿದ ಕಂಬಾರರು ಅದನ್ನು ಹಿಗ್ಗಿಸಿದರು, ಕಣ್ಣಿನಿಂದ ಹಿಡಿದ ನಟೇಶರು ಅದನ್ನು ಮೌನಗೊಳಿಸಿದರು. ಇಬ್ಬರೂ ಊರಿನ ಮಾನವನ್ನು ಒಂದು ಮರೆಯ ಹಿಂದೆ ಕಾಪಾಡಿಕೊಂಡೇ ಅದರ ಒಳಗನ್ನು ತೋರಿಸಿದರು.

ಇನ್ನು ಪ್ರದರ್ಶನದ ಮಾತು. ಬೂಸಾನಿನಲ್ಲಿ ಬರ್ಲಿನ್ನಿನಲ್ಲಿ ಕಂಡದ್ದನ್ನು ಬೆಳಗಾವಿಯ ಚಿತ್ರಮಂದಿರದಲ್ಲಿ ಕಾಣುವುದು ಕಷ್ಟವೆಂಬ ಸ್ಥಿತಿಯು ನಮ್ಮ ವಿತರಣಾ ಪದ್ಧತಿಯ ದೋಷ, ಅದನ್ನು ಈ ಸಭೆಯು ತಿದ್ದಲಾರದು. ಆದರೆ ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಅಡಿಕೆ ತೋಟಗಳ ನಡುವೆ ಚಿತ್ರಸಮಾಜವನ್ನು ಕಟ್ಟಿ, ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಯವರ ಮುಂದಿಟ್ಟರು. ಅವರ ಸೋದರಳಿಯನೇ ಮುಂದೆ ‘ಘಟಶ್ರಾದ್ಧ’ ಚಿತ್ರದ ನಿರ್ದೇಶಕ ಗಿರೀಶ ಕಾಸರವಳ್ಳಿಯವರಾದರು. ಅಂಥ ಪ್ರದರ್ಶನಕ್ಕೆ ಬೇಕಾದುದು ಒಂದು ಬಿಳಿಯ ಪರದೆ, ಒಂದು ಯಂತ್ರ, ಸಂಜೆಯ ಕತ್ತಲು. ದತ್ತಿಯ ಬಡ್ಡಿಯಲ್ಲಿ ಉಪನ್ಯಾಸಕನ ಸಂಭಾವನೆಗೂ ಚಹಾ ಫಳಾರಕ್ಕೂ ವೆಚ್ಚವಾಗುವ ಮೊಬಲಗು ಇಷ್ಟಕ್ಕೆ ಸಾಕಾದೀತೆಂದು ನನ್ನ ಅಂದಾಜು. ಆದುದರಿಂದ ಕಾರ್ಯದರ್ಶಿಗಳಲ್ಲಿ ನನ್ನ ಅರಿಕೆ ಇದು: ಬರುವ ವರುಷ ಯಾರನ್ನೂ ಭಾಷಣಕ್ಕೆ ಕರೆಯದೆ, ಒಂದು ಸಂಜೆ ‘ಕಾಡುಕುದುರೆ’ಯನ್ನೂ ಮರುದಿನ ‘ಪೆಡ್ರೊ’ವನ್ನೂ, ಸಂಬಂಧಪಟ್ಟವರ ಅನುಮತಿಯನ್ನು ಪಡೆದು, ಪಾರಿಜಾತವಾಡುತ್ತಿದ್ದ ಇಂಥದೇ ಬಯಲಿನಲ್ಲಿ ತೋರಿಸಿರಿ, ಘೋಡಗೇರಿಯವರಿಗೂ ಕುಲಗೋಡದವರಿಗೂ ಹೇಳಿಕಳಿಸಿರಿ. ನಾನೂ ಬರುತ್ತೇನೆ, ಕೊನೆಯ ಸಾಲಿನಲ್ಲಿ ಕೂಡುತ್ತೇನೆ, ನಡುವೆ ಎದ್ದು ವ್ಯಾಖ್ಯಾನ ಮಾಡುವುದಿಲ್ಲವೆಂದು ಈಗಲೇ ಮಾತು ಕೊಡುತ್ತೇನೆ.